ಫೋನ್ ಎತ್ತದವರನ್ನೂ ಎಣಿಸಿ: ಹೃದಯಾಘಾತದ ನಂತರದ ಅಂತರ ಅಳೆಯುವ ಬಗೆ

ಆಸ್ಪತ್ರೆಯೊಂದರ ಹೃದಯ ವಿಭಾಗದಲ್ಲಿ ಡೇಟಾ ನೋಡಿಕೊಳ್ಳುವುದು ನನ್ನ ಕೆಲಸ. ಹೃದಯಾಘಾತವಾಗಿ ದಾಖಲಾದ ಪ್ರತಿಯೊಬ್ಬರ ವಿವರ ಒಂದು ರಿಜಿಸ್ಟ್ರಿಗೆ ಸೇರುತ್ತದೆ. 30 ದಿನ, 6 ತಿಂಗಳು, ಒಂದು ವರ್ಷ ಆದಾಗ ಅವರಿಗೆ ಫೋನ್ ಮಾಡುತ್ತೇವೆ. ಹೇಗಿದ್ದೀರಿ, ಮಾತ್ರೆ ನಡೀತಿದೆಯಾ, ಮತ್ತೆ ಎಲ್ಲಾದರೂ ಅಡ್ಮಿಟ್ ಆಗಿದ್ರಾ ಅಂತ ಕೇಳಿ ಬರೆದುಕೊಳ್ಳುತ್ತೇವೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ವರದಿ ಮಾಡಿದೆ. ಕಡಿಮೆ ಓದಿದ ರೋಗಿಗಳಿಗೂ ಜಾಸ್ತಿ ಓದಿದವರಿಗೂ ಒಂದು ವರ್ಷದ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತ ಬಂತು. ನನಗೆ ಖುಷಿಯೋ ಖುಷಿ. ನಮ್ಮಲ್ಲಿ ಎಲ್ಲರಿಗೂ ಒಂದೇ ಥರ ಚಿಕಿತ್ಸೆ ಸಿಗುತ್ತಿದೆ ಅಂದುಕೊಂಡೆ. ಫಾಲೋಅಪ್ ಫೋನ್ ಮಾಡುವ ಹಿರಿಯ ಸಿಸ್ಟರ್‌ಗೆ ತೋರಿಸಿದೆ. ಅವರು ಕೋಷ್ಟಕವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ, "ಫೋನ್ ಎತ್ತದವರು ಇದರಲ್ಲಿ ಎಲ್ಲಿದ್ದಾರೆ ಮೇಡಂ?" ಅಂದರು.

ಎಲ್ಲೂ ಇರಲಿಲ್ಲ. ಒಂದು ವರ್ಷದ ಕಾಲಂ ಖಾಲಿ ಇದ್ದವರನ್ನು ಸಾಫ್ಟ್‌ವೇರ್ ತಾನಾಗಿಯೇ ಬಿಟ್ಟು ಲೆಕ್ಕ ಹಾಕಿತ್ತು. ನಾನು ಗಮನಿಸಿಯೇ ಇರಲಿಲ್ಲ. ಸಿಸ್ಟರ್ ತಮ್ಮ ನೋಟ್‌ಬುಕ್ ತೆಗೆದರು. ಸಿಗದ ಪ್ರತಿ ನಂಬರಿನ ಪಕ್ಕ ಅವರ ಕೈಬರಹದಲ್ಲಿ ಒಂದು ಸಾಲು ಇತ್ತು. "ನಂಬರ್ ಚಾಲ್ತಿಯಲ್ಲಿಲ್ಲ." "ಮಗನ ಫೋನ್, ಅವನು ಬೇರೆ ಕಡೆ ಇದ್ದಾನೆ." "ಮನೆ ಖಾಲಿ ಮಾಡಿದ್ದಾರಂತೆ." ನಾವಿಬ್ಬರೂ ಕೂತು ಆ ಹೆಸರುಗಳನ್ನು ಒಂದೊಂದಾಗಿ ಹುಡುಕಿದೆವು. ಎರಡನೇ ನಂಬರ್, ಅಡ್ಮಿಟ್ ಮಾಡಲು ಬಂದಿದ್ದವರ ನಂಬರ್, ಮರಣ ದಾಖಲೆ, ಎಲ್ಲವನ್ನೂ ನೋಡಿದೆವು. ಸಿಗದವರಲ್ಲಿ ಕಡಿಮೆ ಓದಿದವರೇ ಜಾಸ್ತಿ ಇದ್ದರು. ಅವರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು. ಇಲ್ಲ ಅಂತ ನಾನು ಬರೆದಿದ್ದ ಅಂತರ ಅಲ್ಲಿ ಕೂತಿತ್ತು.

ಅವತ್ತಿನಿಂದ, ಬೇರೆ ಬೇರೆ ಗುಂಪಿನ ರೋಗಿಗಳ ನಡುವಿನ ಅಂತರ ಅಳೆಯುವ ಈ ಕೆಲಸವನ್ನು ನಾನು ಬೇರೆ ಕ್ರಮದಲ್ಲಿ ಮಾಡುತ್ತೇನೆ. ಹೊಸದಾಗಿ ಈ ಅಧ್ಯಯನಕ್ಕೆ ಕೈ ಹಾಕುವ ವಿದ್ಯಾರ್ಥಿಗಳಿಗೆ, ನರ್ಸ್‌ಗಳಿಗೆ, ಯುವ ವೈದ್ಯರಿಗೆ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಧ್ಯಯನ ಮಾಡದೆ ಸುಮ್ನೆ ಓದುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಬೇರೆಯವರ ಅಧ್ಯಯನಕ್ಕೂ ಕೇಳಬೇಕಾದ ಪ್ರಶ್ನೆಗಳು ಇವೇ.

ಮೊದಲು ಸರಪಳಿ ಬರೆಯಿರಿ

ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ಹಾಳೆ ತಗೊಳ್ಳಿ. ಎದೆನೋವು ಶುರುವಾದ ಗಳಿಗೆಯಿಂದ ಒಂದು ವರ್ಷದವರೆಗೆ ರೋಗಿ ದಾಟಬೇಕಾದ ಹಂತಗಳನ್ನು ಸಾಲಾಗಿ ಬರೆಯಿರಿ. ನೋವು ಹೃದಯದ್ದು ಅಂತ ಅನುಮಾನ ಬರಬೇಕು. ಹೊರಡಬೇಕು. ಗಾಡಿ ಸಿಗಬೇಕು. ಸರಿಯಾದ ಆಸ್ಪತ್ರೆಗೆ ಬರಬೇಕು. ಬಂದ ತಕ್ಷಣ ಇಸಿಜಿ ಆಗಬೇಕು. ಕಟ್ಟಿಕೊಂಡ ರಕ್ತನಾಳ ತೆರೆಯಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಸರಿಯಾದ ಮಾತ್ರೆ ಇರಬೇಕು. ಅದನ್ನು ಕೊಳ್ಳಲು ಆಗಬೇಕು, ತಿಂಗಳುಗಟ್ಟಲೆ ನುಂಗುತ್ತಿರಬೇಕು.

ಎರಡು ಗುಂಪುಗಳ ನಡುವಿನ ಅಂತರ ಇದರಲ್ಲಿ ಯಾವ ಕೊಂಡಿಯಲ್ಲಾದರೂ ಹುಟ್ಟಬಹುದು. ನಿಮ್ಮ ಡೇಟಾ ಎಲ್ಲಿಂದ ಶುರುವಾಗುತ್ತದೆ ಅಂತ ಆ ಹಾಳೆಯ ಮೇಲೆ ಗುರುತು ಹಾಕಿ. ಆಸ್ಪತ್ರೆಯ ಡೇಟಾ ಆಸ್ಪತ್ರೆಯ ಬಾಗಿಲಿಂದ ಶುರುವಾಗುತ್ತದೆ. ಬಂದ 10 ನಿಮಿಷದೊಳಗೆ ಇಸಿಜಿ, 90 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿಯ ಬಲೂನ್ (ಕಟ್ಟಿಕೊಂಡ ರಕ್ತನಾಳವನ್ನು ಒಳಗಿನಿಂದ ತೆರೆಯುವುದು ಇದೇ): ಇವು ಎಷ್ಟೋ ಕಡೆ ಬಳಸುವ ಅಳತೆಗಳು. ಒಳ್ಳೆಯ ಅಳತೆಗಳೇ. ಆದರೆ ಎರಡರ ಗಡಿಯಾರವೂ ಓಡಲು ಶುರುವಾಗುವುದು ರೋಗಿ ಒಳಗೆ ಕಾಲಿಟ್ಟ ಮೇಲೆ. ನೋವು ಶುರುವಾಗಿ ಒಂದು ಗಂಟೆಗೆ ಬಂದವನಿಗೂ ಹದಿನಾಲ್ಕು ಗಂಟೆಗೆ ಬಂದವಳಿಗೂ ಬಾಗಿಲಲ್ಲಿ ಅದು ಸೊನ್ನೆಯೇ. ಬೇರೆ ಆಸ್ಪತ್ರೆಯಿಂದ ಕಳಿಸಿದವರನ್ನು ಇಂಥ ಎಷ್ಟೋ ಲೆಕ್ಕಗಳು ಹೊರಗಿಡುತ್ತವೆ. ದಾರಿಯಲ್ಲೇ ತೀರಿಕೊಂಡವರಂತೂ ಯಾವ ಆಸ್ಪತ್ರೆಯ ಲೆಕ್ಕದಲ್ಲೂ ಇಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ಯಾವ ಫಲಿತಾಂಶ, ಎಷ್ಟು ಕಾಲ, ಸರಪಳಿಯ ಯಾವ ಕೊಂಡಿಯಿಂದ ಯಾವ ಕೊಂಡಿಗೆ, ಇಷ್ಟೂ ಅದರಲ್ಲಿ ಇರಬೇಕು. "ಬಡವರಿಗೆ ಹೃದಯ ಚಿಕಿತ್ಸೆ ಸರಿಯಾಗಿ ಸಿಗುತ್ತಿದೆಯೇ" ಅನ್ನುವುದು ಒಳ್ಳೆಯ ಕಾಳಜಿ, ಆದರೆ ಅದನ್ನು ಅಳೆಯಲು ಆಗುವುದಿಲ್ಲ. "ಜೀವಂತವಾಗಿ ಆಸ್ಪತ್ರೆ ತಲುಪಿದವರಲ್ಲಿ, ಶಾಲೆಗೆ ಹೋಗದವರು, ಹತ್ತನೇ ತರಗತಿಯವರೆಗೆ ಓದಿದವರು, ಅದಕ್ಕಿಂತ ಜಾಸ್ತಿ ಓದಿದವರು ಇವರ ನಡುವೆ, ಆಸ್ಪತ್ರೆಗೆ ಬಂದ ಒಂದು ವರ್ಷದೊಳಗಿನ ಸಾವಿನಲ್ಲಿ ಎಷ್ಟು ವ್ಯತ್ಯಾಸ" ಅಂದರೆ ಅಳೆಯಬಹುದು.

ಏನನ್ನು ಎಣಿಸುತ್ತೀರಿ

ಹೃದಯದ ಅಧ್ಯಯನಗಳಲ್ಲಿ ಸಾವು, ಹೃದಯಾಘಾತ, ಸ್ಟ್ರೋಕ್ ಮೂರನ್ನೂ ಸೇರಿಸಿ ಒಂದೇ ಫಲಿತಾಂಶವಾಗಿ ಎಣಿಸುವುದು ರೂಢಿ. ಕೆಲವರು ಇದಕ್ಕೆ ಆಸ್ಪತ್ರೆಗೆ ಮತ್ತೆ ದಾಖಲಾಗುವುದನ್ನೂ ಸೇರಿಸುತ್ತಾರೆ. ಅಂತರ ಅಳೆಯುವಾಗ ಇಲ್ಲಿ ಒಂದು ಹೊಂಡ ಇದೆ. ಹೃದಯಾಘಾತ ಆಯಿತು ಅಂತ ಬರೆಯಬೇಕಾದರೆ ಯಾರೋ ಇಸಿಜಿ ತೆಗೆದು, ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಅನ್ನುವ ಪ್ರೋಟೀನಿನ ಪರೀಕ್ಷೆ ಮಾಡಿರಬೇಕು. ಪರೀಕ್ಷೆ ಇಲ್ಲದ ಕಡೆ ಕಾಯಿಲೆಯೂ ಕಾಣುವುದಿಲ್ಲ. ಮತ್ತೆ ದಾಖಲಾಗಬೇಕಾದರೆ ಆಸ್ಪತ್ರೆ ಕೈಗೆಟುಕಬೇಕು. ಒಂದು ಗುಂಪಿನಲ್ಲಿ ಮರುದಾಖಲಾತಿ ಕಡಿಮೆ ಇದೆ ಅಂದರೆ ಅವರು ಆರಾಮಾಗಿದ್ದಾರೆ ಅಂತಲೂ ಇರಬಹುದು, ಬರಲು ಆಗಲೇ ಇಲ್ಲ ಅಂತಲೂ ಇರಬಹುದು. ಎರಡೂ ಕೋಷ್ಟಕದಲ್ಲಿ ಒಂದೇ ಥರ ಕಾಣುತ್ತವೆ.

ಪರೀಕ್ಷೆಯ ಗಡಿರೇಖೆಯೇ ಅಂತರ ಹುಟ್ಟಿಸಬಹುದು. 2015ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರಾದ ತಂಡವೊಂದು ಹೆಚ್ಚು ಸೂಕ್ಷ್ಮವಾದ ಟ್ರೋಪೋನಿನ್ ಪರೀಕ್ಷೆಯಲ್ಲಿ ಗಂಡಸರಿಗೆ ಲೀಟರಿಗೆ 34 ನ್ಯಾನೊಗ್ರಾಂ, ಹೆಂಗಸರಿಗೆ 16 ಅಂತ ಬೇರೆ ಬೇರೆ ಮಿತಿ ಇಟ್ಟು ನೋಡಿತು. ಎದೆನೋವಿನ ಅನುಮಾನದಿಂದ ಬಂದ ಹೆಂಗಸರಲ್ಲಿ ಹೃದಯಾಘಾತ ಗುರುತಾದವರು 11% ಇದ್ದದ್ದು 22% ಆಯಿತು. ಅಷ್ಟು ಜನರ ಕಾಯಿಲೆ ಹಳೆಯ ಮಿತಿಗೆ ಕಾಣುತ್ತಲೇ ಇರಲಿಲ್ಲ. ಅದೇ ದೇಶದಲ್ಲಿ ಮುಂದೆ ನಡೆದ ದೊಡ್ಡ ಅಧ್ಯಯನವೊಂದು ಇನ್ನೂ ಒಂದು ಮಾತು ತಿಳಿಸಿತು. ಗುರುತಾದ ಮೇಲೂ ಹೆಂಗಸರಿಗೆ ಸಿಕ್ಕ ಚಿಕಿತ್ಸೆ ಗಂಡಸರಿಗೆ ಸಿಕ್ಕದ್ದರ ಸುಮಾರು ಅರ್ಧ. ಸರಪಳಿಯ ಒಂದು ಕೊಂಡಿ ಸರಿ ಮಾಡಿದರೆ ಮುಂದಿನದು ತಾನಾಗಿ ಸರಿಹೋಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಮುಖ್ಯ ಫಲಿತಾಂಶವಾಗಿ ಸಾವನ್ನು ಇಟ್ಟುಕೊಳ್ಳಿ, ಅದೂ ಯಾವುದೇ ಕಾರಣದ ಸಾವು. ಮನೆಯಲ್ಲಿ ತೀರಿಕೊಂಡವರ ಕಾರಣ ಕಾಗದದಲ್ಲಿ ಸರಿಯಾಗಿ ಇರುವುದಿಲ್ಲ. "ಹೃದಯ ನಿಂತು ಸಾವು" ಅಂತ ಎಲ್ಲರಿಗೂ ಬರೆಯಬಹುದಲ್ವಾ? ಸಾವು ಆಯಿತೋ ಇಲ್ಲವೋ ಅನ್ನುವುದರಲ್ಲಿ ಆ ಗೊಂದಲ ಇಲ್ಲ. ಉಳಿದವನ್ನು ಬೇರೆ ಬೇರೆಯಾಗಿ ತೋರಿಸಿ, ಕಲಸಬೇಡಿ.

ಬಿಪಿ, ಕೊಲೆಸ್ಟ್ರಾಲ್‌ನಂಥ ಅಂಕಿಗಳನ್ನು ಫಲಿತಾಂಶದ ಜಾಗದಲ್ಲಿ ಕೂರಿಸುವಾಗಲೂ ಎಚ್ಚರ ಬೇಕು. ಹೃದಯಾಘಾತದ ನಂತರ ಬಡಿತ ಏರುಪೇರಾದವರಿಗೆ ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಔಷಧಿ ಕೊಟ್ಟರೆ ಇಸಿಜಿಯಲ್ಲಿ ಬಡಿತ ಚೆನ್ನಾಗಿ ಹತೋಟಿಗೆ ಬರುತ್ತಿತ್ತು. ಕಾಸ್ಟ್ ಅನ್ನುವ ಅಧ್ಯಯನ ಸಾವನ್ನೇ ಎಣಿಸಿತು. 1991ರಲ್ಲಿ ಬಂದ ಲೆಕ್ಕದಲ್ಲಿ ಔಷಧಿ ತಗೊಂಡ 755 ಜನರಲ್ಲಿ 63 ಸಾವು, ಬರೀ ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಹುಸಿ ಮಾತ್ರೆ, ತಗೊಂಡ 743 ಜನರಲ್ಲಿ 26.

ಯಾರನ್ನು ಯಾವ ಗುಂಪಿಗೆ ಹಾಕಿದಿರಿ

ಇಲ್ಲಿ ಅವಸರ ಮಾಡಬೇಡಿ. ನಿಮ್ಮ ಡೇಟಾದಲ್ಲಿ ಓದು, ಕೆಲಸ, ಆದಾಯ ಇಂಥ ಕಾಲಂಗಳನ್ನು ತುಂಬಿದವರು ಯಾರು ಅಂತ ಹೋಗಿ ಕೇಳಿ. ನಾನು ಕೇಳಿದಾಗ ತಿಳಿದದ್ದು: ರಾತ್ರಿ ಪಾಳಿಯಲ್ಲಿ ನೂಕುನುಗ್ಗಲಿದ್ದರೆ ಕೌಂಟರಿನವರು ರೋಗಿಯನ್ನು ನೋಡಿಯೇ ಬರೆಯುತ್ತಿದ್ದರು. ಹೆಂಗಸಾದರೆ ಗೃಹಿಣಿ, ಗಂಡಸಾದರೆ ಇತರೆ. ಅವರ ತಪ್ಪಲ್ಲ, ಎದುರಿಗೆ ಜೀವ ಹೋಗುತ್ತಿರುವವರು ನಿಂತಿರುತ್ತಾರೆ. ಆದರೆ ಆ ಕಾಲಂ ಇಟ್ಟುಕೊಂಡು ನಾನು ಲೆಕ್ಕ ಹಾಕುವುದು ತಪ್ಪಾಗುತ್ತದೆ. ಈಗ ನಾವು ಆ ಪ್ರಶ್ನೆಗಳನ್ನು ವಾರ್ಡಿಗೆ ಶಿಫ್ಟ್ ಆದ ಮೇಲೆ, ಎರಡನೇ ದಿನ, ರೋಗಿಯನ್ನೇ ಕೇಳುತ್ತೇವೆ.

ಎರಡನೆಯ ಮಾತು, ಏಣಿಯನ್ನು ಎರಡು ತುಂಡು ಮಾಡಬೇಡಿ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. 17 ಸಾವಿರಕ್ಕೂ ಹೆಚ್ಚು ಗಂಡಸರು. ಎಲ್ಲರಿಗೂ ಕಾಯಂ ಕೆಲಸ, ಒಂದೇ ಸರ್ಕಾರದ ಸಂಬಳ, ಅವರಲ್ಲಿ ಹೊಟ್ಟೆಗಿಲ್ಲದವರು ಅಂತ ಯಾರೂ ಇಲ್ಲ. ಮೈಕೆಲ್ ಮಾರ್ಮಟ್ ಮತ್ತು ಜೊತೆಗಾರರು 1978ರಲ್ಲಿ ಬರೆದ ಲೆಕ್ಕದಲ್ಲಿ, ಅತಿ ಕೆಳಗಿನ ದರ್ಜೆಯವರು ಹೃದಯ ಕಾಯಿಲೆಯಿಂದ ಸಾಯುವುದು ಅತಿ ಮೇಲಿನವರ 3.6 ಪಟ್ಟು ಇತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನವರ ಲೆಕ್ಕ. ಮೇಲಿನಿಂದ ಎರಡನೇ ದರ್ಜೆಯವರೂ ಮೊದಲನೆಯವರಿಗಿಂತ ಜಾಸ್ತಿ ಸಾಯುತ್ತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗಿತ್ತು. ಬೀಡಿ ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. "ಬಡವರು, ಉಳಿದವರು" ಅಂತ ಎರಡೇ ಗುಂಪು ಮಾಡಿದ್ದರೆ ಈ ಮೆಟ್ಟಿಲು ಕಾಣುತ್ತಲೇ ಇರಲಿಲ್ಲ.

ಜನಾಂಗದ ಕಾಲಂ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದು ದೇಹದ ಒಳಗಿನ ಗುಣವನ್ನು ಹೇಳುತ್ತದೆ ಅಂತ ಓದುಗರು ಸುಲಭವಾಗಿ ನಂಬಿಬಿಡುತ್ತಾರೆ. ಅಮೆರಿಕದಲ್ಲಿ 2004ರಲ್ಲಿ ಎ-ಹೆಫ್ಟ್ ಅನ್ನುವ ಅಧ್ಯಯನ ಬಂತು. ತಾವು ಕಪ್ಪು ಜನಾಂಗದವರು ಅಂತ ಹೇಳಿಕೊಂಡ, ಹೃದಯ ವೈಫಲ್ಯ ಇದ್ದ 1050 ಜನರಲ್ಲಿ ಎರಡು ಹಳೆಯ ಔಷಧಿಗಳ ಜೋಡಿ ಸಾವನ್ನು 43% ಕಡಿಮೆ ಮಾಡಿತು. ತುಂಬಾ ದೊಡ್ಡ ಲಾಭ ಅದು. ಮರುವರ್ಷ ಅಲ್ಲಿ ಆ ಜನಾಂಗದವರಿಗೆ ಅಂತಲೇ ಔಷಧಿಗೆ ಒಪ್ಪಿಗೆ ಸಿಕ್ಕಿತು. ಆದರೆ ಅಧ್ಯಯನದಲ್ಲಿ ಬೇರೆ ಜನಾಂಗದವರು ಒಬ್ಬರೂ ಇರಲಿಲ್ಲ. ಉಳಿದವರಿಗೆ ಅದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದಕ್ಕೆ ಆ ಅಧ್ಯಯನದಲ್ಲಿ ಉತ್ತರವೇ ಇಲ್ಲ. ನೀವು ಜನಾಂಗದ ಪ್ರಕಾರ ಅಂತರ ತೋರಿಸುವುದಾದರೆ, ಆ ಕಾಲಂ ಯಾವುದರ ಬದಲಿಗೆ ನಿಂತಿದೆ ಅಂತ ಬರೆದೇ ಮುಂದೆ ಹೋಗಿ. ವಾಸದ ಜಾಗವೇ, ವಿಮೆಯೇ, ವೈದ್ಯರು ನಡೆಸಿಕೊಂಡ ರೀತಿಯೇ? ಹೃದಯದ ಅಪಾಯ ಲೆಕ್ಕ ಹಾಕುವ ಸೂತ್ರಗಳೂ ಈ ದಾರಿಗೆ ಬರುತ್ತಿವೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೊರತಂದ ಪ್ರಿವೆಂಟ್ ಸೂತ್ರಗಳಲ್ಲಿ ಜನಾಂಗ ಇಲ್ಲ. ಬೇಕಾದರೆ ವಾಸದ ಪ್ರದೇಶದ ಬಡತನದ ಸೂಚ್ಯಂಕವನ್ನು ಸೇರಿಸಿಕೊಳ್ಳಬಹುದು.

ಹೊಂದಿಸುವಾಗ ಅಳಿಸಿಬಿಡಬೇಡಿ

ಇದು ನನ್ನ ಪ್ರಕಾರ ಇಡೀ ಕೆಲಸದ ಅತಿ ಕಷ್ಟದ ಜಾಗ. ಎರಡು ಗುಂಪುಗಳನ್ನು ಹೋಲಿಸುವಾಗ ವಯಸ್ಸು ಮುಂತಾದವನ್ನು ಸರಿಹೊಂದಿಸಿ, ಅಂದರೆ ಅವು ಎರಡೂ ಕಡೆ ಒಂದೇ ಥರ ಇದ್ದಿದ್ದರೆ ಅಂತರ ಎಷ್ಟಿರುತ್ತಿತ್ತು ಅಂತ, ಲೆಕ್ಕ ಹಾಕುತ್ತೇವೆ. ಕೆಲವನ್ನು ಹೊಂದಿಸಲೇಬೇಕು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಆಗಿತ್ತು. ವಯಸ್ಸಾದ ಮೇಲೆ ಆಘಾತವಾದರೆ ಸಾವಿನ ಅಪಾಯ ಜಾಸ್ತಿ. ವಯಸ್ಸನ್ನು ಹೊಂದಿಸದೆ ಹೆಂಗಸರ, ಗಂಡಸರ ಸಾವು ಹೋಲಿಸಿದರೆ ನೀವು ಅರ್ಧ ಅಳೆಯುತ್ತಿರುವುದು ವಯಸ್ಸನ್ನೇ.

ಆದರೆ ತಡವಾಗಿ ಬಂದದ್ದು, ಆಂಜಿಯೋಪ್ಲಾಸ್ಟಿ ಆಗದೇ ಇದ್ದದ್ದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಡದೇ ಇದ್ದದ್ದು? ಇವು ಅಂತರಕ್ಕೆ ಅಡ್ಡ ಬಂದ ಬೇರೆ ವಿಷಯಗಳಲ್ಲ. ಅಂತರ ನಡೆದು ಬಂದ ದಾರಿಯೇ ಇವು. ಇವನ್ನೂ ಹೊಂದಿಸಿ, "ಎಲ್ಲ ಹೊಂದಿಸಿದ ಮೇಲೆ ಅಂತರ ಉಳಿಯಲಿಲ್ಲ" ಅಂತ ಬರೆದರೆ ಅದರ ಅರ್ಥ ಏನು? ಸಮಾನವಾಗಿ ಬೇಗ ಬಂದು, ಸಮಾನ ಚಿಕಿತ್ಸೆ ಸಿಕ್ಕಿದ್ದರೆ ಸಮಾನವಾಗಿ ಬದುಕುತ್ತಿದ್ದರು ಅಂತ. ಅದು ತುಂಬಾ ಮುಖ್ಯವಾದ ಸಂಗತಿ. ಎಲ್ಲಿ ಸರಿ ಮಾಡಬೇಕು ಅಂತ ಅದು ಬೆರಳಿಟ್ಟು ತೋರಿಸುತ್ತದೆ. ಅದನ್ನೇ "ಅಂತರ ಇಲ್ಲ" ಅಂತ ಓದಿ ಫೈಲ್ ಮುಚ್ಚುವುದನ್ನು ನಾನು ಮೀಟಿಂಗುಗಳಲ್ಲಿ ಕಂಡಿದ್ದೇನೆ. ಅಂಥ ದಿನ ನನಗೆ ನಿದ್ದೆ ಬರುವುದಿಲ್ಲ.

ಆದ್ದರಿಂದ ನಾನು ಯಾವಾಗಲೂ ಮೂರು ಅಂಕಿಗಳನ್ನು ಪಕ್ಕಪಕ್ಕ ಇಡುತ್ತೇನೆ. ಏನೂ ಹೊಂದಿಸದೆ ಬಂದ ಅಂತರ ಮೊದಲನೆಯದು. ವಯಸ್ಸು ಮತ್ತು ಆಘಾತಕ್ಕೆ ಮುಂಚೆಯೇ ಇದ್ದ ಕಾಯಿಲೆಗಳನ್ನು ಹೊಂದಿಸಿದ್ದು ಎರಡನೆಯದು. ಚಿಕಿತ್ಸೆಯನ್ನೂ ಸೇರಿಸಿದ್ದು ಮೂರನೆಯದು. ಎರಡರಿಂದ ಮೂರಕ್ಕೆ ಹೋಗುವಾಗ ಅಂಕಿ ಎಷ್ಟು ಕುಗ್ಗಿತು ಅನ್ನುವುದರಲ್ಲಿ ಆಸ್ಪತ್ರೆಯ ಕೈಯಲ್ಲಿರುವುದು ಎಷ್ಟು ಅನ್ನುವ ಅಂದಾಜು ಸಿಗುತ್ತದೆ. ಬಡತನ ಇದ್ದ ಕಡೆ ಮುಂಚಿನ ಕಾಯಿಲೆಯೂ ಜಾಸ್ತಿ ಇರುತ್ತದೆ, ಹಾಗಾಗಿ ಎರಡನೆಯ ಅಂಕಿಯೂ ಪೂರ್ತಿ ನಿರ್ದೋಷಿಯಲ್ಲ. ಅದನ್ನೂ ಬರೆಯಿರಿ.

ಚಿಕಿತ್ಸೆಯ ಪಾಲು ಎಷ್ಟು ದೊಡ್ಡದಿರಬಹುದು ಅಂತ ತಿಳಿಯಲು ಪ್ಯೂರ್ ಅಧ್ಯಯನ ನೋಡಿ. 17 ದೇಶಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ. 2014ರಲ್ಲಿ ಬಂದ ಫಲಿತಾಂಶದಲ್ಲಿ ಬಿಪಿ, ಕೊಲೆಸ್ಟ್ರಾಲ್‌ನಂಥ ಅಪಾಯಗಳ ಒಟ್ಟು ಹೊರೆ ಶ್ರೀಮಂತ ದೇಶಗಳಲ್ಲೇ ಅತಿ ಜಾಸ್ತಿ, ಬಡ ದೇಶಗಳಲ್ಲಿ ಅತಿ ಕಡಿಮೆ ಇತ್ತು. ಹೃದಯಾಘಾತ, ಸ್ಟ್ರೋಕ್, ಸಾವು ಮಾತ್ರ ಬಡ ದೇಶಗಳಲ್ಲೇ ಜಾಸ್ತಿ. ಮೂರು ವರ್ಷ ಮುಂಚೆ, 2011ರಲ್ಲಿ, ಅದೇ ಅಧ್ಯಯನ ಒಂದು ಕಾರಣವನ್ನು ಎದುರಿಗಿಟ್ಟಿತ್ತು. ಹೃದಯ ಕಾಯಿಲೆ ಅಥವಾ ಸ್ಟ್ರೋಕ್ ಈಗಾಗಲೇ ಆದವರಲ್ಲಿ, ಆಸ್ಪಿರಿನ್, ಸ್ಟ್ಯಾಟಿನ್, ಬಿಪಿ ಮಾತ್ರೆಗಳಂಥ ಗೊತ್ತಿರುವ ಔಷಧಿಗಳಲ್ಲಿ ಒಂದನ್ನೂ ತಗೊಳ್ಳದವರು ಬಡ ದೇಶಗಳಲ್ಲಿ 80%. ಶ್ರೀಮಂತ ದೇಶಗಳಲ್ಲಿ 11%.

ಅಂಕಿಯನ್ನು ಹೇಳುವ ರೀತಿ

1999ರಲ್ಲಿ ಅಮೆರಿಕದಲ್ಲಿ ಒಂದು ಜಾಣ ಪ್ರಯೋಗದ ಫಲಿತಾಂಶ ಬಂತು. ನಟ ನಟಿಯರು ಎದೆನೋವಿನ ರೋಗಿಗಳಾಗಿ ಒಂದೇ ಮಾತು ಹೇಳುವ ವಿಡಿಯೊಗಳನ್ನು 720 ವೈದ್ಯರಿಗೆ ತೋರಿಸಿ, ಯಾರನ್ನು ಆಂಜಿಯೋಗ್ರಾಂಗೆ ಕಳಿಸುತ್ತೀರಿ ಅಂತ ಕೇಳಿದರು. ಬಿಳಿಯರಲ್ಲಿ 90.6%, ಕಪ್ಪು ಜನಾಂಗದವರಲ್ಲಿ 84.7%. ಇದನ್ನು ಆಡ್ಸ್ ರೇಶಿಯೊ ಅನ್ನುವ ಅಳತೆಯಲ್ಲಿ 0.6 ಅಂತ ಬರೆದಿದ್ದರು. ಪತ್ರಿಕೆ, ಟಿವಿಗಳು ಅದನ್ನು "40% ಕಡಿಮೆ" ಅಂತ ಸಾರಿದವು. ಈಗ ನೀವೇ ಲೆಕ್ಕ ಹಾಕಿ. 84.7ನ್ನು 90.6ರಿಂದ ಭಾಗಿಸಿದರೆ 0.93. ಅಂದರೆ 7% ಕಡಿಮೆ. ಆಡ್ಸ್ ಅಂದರೆ ಕಳಿಸಿದವರನ್ನು ಕಳಿಸದವರಿಂದ ಭಾಗಿಸಿದ ಸಂಖ್ಯೆ. ಸಾವಿರಕ್ಕೆ 906ನ್ನು 94ರಿಂದ ಭಾಗಿಸಿದರೆ ಸುಮಾರು 9.6, 847ನ್ನು 153ರಿಂದ ಭಾಗಿಸಿದರೆ 5.5. ಅವೆರಡರ ಅನುಪಾತ ಸುಮಾರು 0.6. ಹೆಚ್ಚಿನವರಿಗೆ ಆಗುವ ಸಂಗತಿಯಲ್ಲಿ ಆಡ್ಸ್ ರೇಶಿಯೊ ಅಂತರವನ್ನು ಹೀಗೆ ಊದಿಸಿ ತೋರಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಇನ್ನೊಂದು ತಪ್ಪಾಗುತ್ತದೆ. ಸರಾಸರಿ ಬಿಡಿಸಿ ನೋಡಿದಾಗ ಬಿಳಿ ಗಂಡಸರು, ಬಿಳಿ ಹೆಂಗಸರು, ಕಪ್ಪು ಗಂಡಸರು ಮೂವರೂ 90.6% ಇದ್ದರು. ಕಪ್ಪು ಹೆಂಗಸರು ಮಾತ್ರ 78.8%. ಇಡೀ ಅಂತರದ ಭಾರ ಒಂದೇ ಗುಂಪಿನ ಮೇಲೆ ಬಿದ್ದಿತ್ತು. ಜನಾಂಗ ಒಂದು ಕೋಷ್ಟಕ, ಲಿಂಗ ಇನ್ನೊಂದು ಕೋಷ್ಟಕ ಅಂತ ಮಾಡಿದರೆ ಈ ಹೆಂಗಸರು ಎರಡರಲ್ಲೂ ಕರಗಿಹೋಗುತ್ತಾರೆ. ಆದ್ದರಿಂದ ಎರಡನ್ನೂ ಸೇರಿಸಿ ನಾಲ್ಕು ಮನೆಯ ಕೋಷ್ಟಕ ಮಾಡಿ.

ಕಾಲದ ಜೊತೆ ಅಂತರ ಕುಗ್ಗಿತೋ ಹಿಗ್ಗಿತೋ ಅಂತ ಹೇಳುವಾಗ ಮೂಲ ಪ್ರಮಾಣಗಳನ್ನೂ ಕೊಡಿ. ಉದಾಹರಣೆಗೆ, ಮುಂಚೆ ನೂರಕ್ಕೆ 20 ಮತ್ತು 10 ಸಾವು ಇದ್ದದ್ದು ಈಗ 9 ಮತ್ತು 3 ಆಗಿದೆ ಅಂದುಕೊಳ್ಳಿ. ವ್ಯತ್ಯಾಸ 10ರಿಂದ 6ಕ್ಕೆ ಇಳಿಯಿತು. ಅನುಪಾತ 2ರಿಂದ 3ಕ್ಕೆ ಏರಿತು. ಎರಡೂ ನಿಜ. ಒಂದನ್ನು ಮಾತ್ರ ಹೇಳಿದರೆ ಓದುಗರಿಗೆ ಅನ್ಯಾಯ.

ಸಣ್ಣ ಗುಂಪುಗಳ ಬಗ್ಗೆ ಒಂದೇ ಮಾತು. ಹೃದಯಾಘಾತಕ್ಕೆ ಆಸ್ಪಿರಿನ್ ಕೊಟ್ಟು ನೋಡಿದ ಐಸಿಸ್-2 ಅಧ್ಯಯನದಲ್ಲಿ 17,187 ಜನ ಇದ್ದರು. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳದ ಸಾವುಗಳು 23% ಕಡಿಮೆಯಾದವು. ತುಂಡು ತುಂಡು ಮಾಡಿ ನೋಡುವುದು ಎಷ್ಟು ಅಪಾಯ ಅಂತ ತೋರಿಸಲೆಂದೇ ಅವರು ರೋಗಿಗಳನ್ನು ರಾಶಿಯ ಪ್ರಕಾರ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಲಾಭವೇ ಇಲ್ಲ ಅಂತ ಬಂತು! ಹೆಂಗಸರು ಕಡಿಮೆ ಇದ್ದ ಅಧ್ಯಯನವೊಂದರಲ್ಲಿ "ಹೆಂಗಸರಲ್ಲಿ ಲಾಭ ಸಾಬೀತಾಗಲಿಲ್ಲ" ಅಂತ ಓದಿದಾಗ ಇದನ್ನು ನೆನಪಿಸಿಕೊಳ್ಳಿ. ಲಾಭ ಇಲ್ಲ ಅಂತ ಅದರ ಅರ್ಥ ಅಲ್ಲ. ಅವರನ್ನು ಸಾಕಷ್ಟು ಸೇರಿಸಿಕೊಂಡಿರಲಿಲ್ಲ ಅಂತಲೂ ಇರಬಹುದು. ಎರಡು ಗುಂಪುಗಳಲ್ಲಿ ಲಾಭವೇ ಬೇರೆ ಬೇರೆಯೇ ಅಂತ ನೇರವಾಗಿ ಪರೀಕ್ಷೆ ಮಾಡಿದ್ದಾರಾ ಅಂತ ಹುಡುಕಿ.

ಸಿಗದವರನ್ನು ಲೆಕ್ಕಕ್ಕೆ ತರುವುದು

ಈಗ ಸಿಸ್ಟರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಕ್ರಮದಲ್ಲಿ ಕೊನೆಗೆ ಬರೆಯುತ್ತಿದ್ದೇನೆ, ಆದರೆ ಕೆಲಸ ಶುರುವಾಗಬೇಕಾದದ್ದು ಅಡ್ಮಿಟ್ ಆದ ದಿನವೇ.

ಕನಿಷ್ಠ ಮೂರು ನಂಬರ್ ಬರೆದುಕೊಳ್ಳಿ. ರೋಗಿಯದ್ದು, ಜೊತೆಗೆ ಇರುವವರದ್ದು, ಬೇರೆ ಮನೆಯಲ್ಲಿರುವ ಒಬ್ಬರದ್ದು. ನಂಬರ್ ಯಾರ ಕೈಯಲ್ಲಿರುತ್ತದೆ, ಎಷ್ಟು ಹೊತ್ತಿಗೆ ಮಾಡಿದರೆ ಸಿಗುತ್ತಾರೆ ಅಂತ ಕೇಳಿ. ದಿನಗೂಲಿ ಮಾಡುವವರು ಬೆಳಗ್ಗೆ ಹನ್ನೊಂದಕ್ಕೆ ಫೋನ್ ಎತ್ತಲಾರರು. ನಮ್ಮ ಫೋನುಗಳೆಲ್ಲ ಆಗ ಬೆಳಗ್ಗೆ ಹತ್ತರಿಂದ ಒಂದರವರೆಗೆ ಹೋಗುತ್ತಿದ್ದವು. ಸಂಜೆ ಏಳಕ್ಕೆ ಬದಲಿಸಿದ ಮೇಲೆ ಎಷ್ಟೋ ಜನ ಸಿಕ್ಕರು. ಅವರು ಕಳೆದುಹೋಗಿರಲಿಲ್ಲ, ನಾವು ತಪ್ಪು ಹೊತ್ತಿಗೆ ಹುಡುಕುತ್ತಿದ್ದೆವು. ಕೊನೆಯ ಸಲ ಯಾವತ್ತು ಮಾತಾಡಿದಿರಿ ಅನ್ನುವ ತಾರೀಕು ಖಂಡಿತ ಬರೆಯಿರಿ. ಅಲ್ಲಿಯವರೆಗೆ ಬದುಕಿದ್ದರು ಅನ್ನುವ ಮಾಹಿತಿ ಲೆಕ್ಕಕ್ಕೆ ಬರುತ್ತದೆ. ಫೋನ್ ಎತ್ತಿದವರು ಸಾವಿನ ಸುದ್ದಿ ಹೇಳಿದರೆ ಫಾರಂ ಪಕ್ಕಕ್ಕಿಡಿ. ಮೊದಲು ಅವರ ಮಾತು ಕೇಳಿಸಿಕೊಳ್ಳಿ.

ಅಷ್ಟೆಲ್ಲ ಮಾಡಿದರೂ ಕೆಲವರು ಸಿಗುವುದಿಲ್ಲ. ಆಗ ಸಿಕ್ಕವರನ್ನೂ ಸಿಗದವರನ್ನೂ ಮೊದಲ ದಿನದ ವಿವರದ ಮೇಲೆ ಹೋಲಿಸಿ ಒಂದು ಕೋಷ್ಟಕ ಮಾಡಿ. ಆಮೇಲೆ, ಇವರಿಗೆ ಹೀಗಾಗಿದ್ದರೆ ಅಂತ ಬೇರೆ ಬೇರೆ ಊಹೆ ಇಟ್ಟು ಲೆಕ್ಕ ಹಾಕಿ. ತಿಳಿಯಲೆಂದು ಕಾಲ್ಪನಿಕ ಅಂಕಿ ಕೊಡುತ್ತೇನೆ. ಎರಡು ಗುಂಪು, ತಲಾ 200 ಜನ. ಮೊದಲ ಗುಂಪಿನಲ್ಲಿ 190 ಜನ ಸಿಕ್ಕರು, 19 ಸಾವು. ಎರಡನೆಯದರಲ್ಲಿ 140 ಜನ ಸಿಕ್ಕರು, 14 ಸಾವು. ಎರಡೂ ಕಡೆ 10%, ಅಂತರ ಸೊನ್ನೆ. ಈಗ ಸಿಗದವರಲ್ಲಿ ಐದರಲ್ಲಿ ಒಬ್ಬರು ತೀರಿಕೊಂಡಿದ್ದಾರೆ ಅಂದುಕೊಳ್ಳಿ. ಮೊದಲ ಗುಂಪು 10.5%, ಎರಡನೆಯದು 13%. ಅರ್ಧ ಜನ ತೀರಿಕೊಂಡಿದ್ದರೆ 12% ಮತ್ತು 22%. ಯಾರೂ ಸತ್ತಿಲ್ಲ ಅಂದುಕೊಂಡರೆ 9.5% ಮತ್ತು 7%, ಅಂತರವೇ ತಿರುಗಿಬಿತ್ತು. ನಿಮ್ಮ ತೀರ್ಮಾನ ಈ ಊಹೆಗಳ ಮೇಲೆ ಇಷ್ಟು ಓಲಾಡುತ್ತದೆ ಅಂದರೆ, ವರದಿಯ ಮೊದಲ ಪುಟದಲ್ಲೇ ಅದನ್ನು ಬರೆಯಿರಿ. ಅಡಿಟಿಪ್ಪಣಿಗೆ ತಳ್ಳಬೇಡಿ.

ಅಳೆದ ಮೇಲೆ

ಅಳತೆ ಮುಗಿದ ಮೇಲೆ ಸರಪಳಿಯ ಹಾಳೆಗೆ ವಾಪಸ್ ಹೋಗಿ, ಅತಿ ಜಾಸ್ತಿ ಜನ ಜಾರಿಹೋದ ಒಂದು ಕೊಂಡಿಯನ್ನು ಆರಿಸಿಕೊಳ್ಳಿ. ಆ ಕೊಂಡಿಯಲ್ಲಿ ಇರುವ ಜನ ಎಲ್ಲಿ ಸಿಗುತ್ತಾರೋ ಅಲ್ಲಿಗೆ ಚಿಕಿತ್ಸೆ ಒಯ್ಯಲು ಆಗುತ್ತದಾ ಅಂತ ಕೇಳಿ. ಲಾಸ್ ಏಂಜಲೀಸ್ ಭಾಗದಲ್ಲಿ ರೊನಾಲ್ಡ್ ವಿಕ್ಟರ್ ಅವರ ತಂಡ ಇದನ್ನು ಮಾಡಿ ತೋರಿಸಿತು. ಬಿಪಿ ಜಾಸ್ತಿ ಇದ್ದ 319 ಕಪ್ಪು ಗಂಡಸರು, 52 ಕ್ಷೌರದಂಗಡಿಗಳು. ಕೆಲವು ಅಂಗಡಿಗಳಿಗೆ ಔಷಧ ತಜ್ಞರು ತಾವೇ ಹೋಗಿ, ವೈದ್ಯರ ಒಪ್ಪಿಗೆಯೊಂದಿಗೆ ಅಲ್ಲೇ ಮಾತ್ರೆ ಶುರುಮಾಡಿ, ಅಲ್ಲೇ ಬಿಪಿ ನೋಡಿದರು. ಉಳಿದ ಅಂಗಡಿಗಳಲ್ಲಿ ಕ್ಷೌರಿಕರು ವೈದ್ಯರನ್ನು ಕಾಣಿ ಅಂತ ಹುರಿದುಂಬಿಸಿದರು. 2018ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಬಿಪಿ 27 ಅಂಕ ಇಳಿದಿತ್ತು, ಎರಡನೆಯದರಲ್ಲಿ 9. ಈ ಅಧ್ಯಯನದಲ್ಲಿ ನಾನು ಮೊದಲು ಹುಡುಕಿದ್ದು ಇನ್ನೊಂದು ಅಂಕಿಯನ್ನು. ಕೊನೆಯವರೆಗೆ ಕೈಬಿಡದೆ ಉಳಿದವರು 95%. ಅಂಗಡಿಗೆ ಅವರು ಹೇಗೂ ಬರುತ್ತಿದ್ದರು, ಅಳೆಯುವವರು ಅಲ್ಲಿ ಇದ್ದರು.

ನಮ್ಮ ಫಾರಂನಲ್ಲಿ ಈಗ ಹೊಸ ಕಾಲಂ ಒಂದಿದೆ. "ಸಿಗದಿದ್ದರೆ ಯಾಕೆ" ಅಂತ. ಅದರ ಕೆಳಗೆ ಆರಿಸಲು ಕೊಟ್ಟಿರುವ ಉತ್ತರಗಳು ಸಿಸ್ಟರ್ ನೋಟ್‌ಬುಕ್ಕಿನ ಸಾಲುಗಳೇ. ಕೊನೆಯಲ್ಲಿ ಒಂದು ಖಾಲಿ ಗೆರೆ ಬಿಟ್ಟಿದ್ದೇವೆ, ಫೋನ್ ಮಾಡಿದವರು ಕೇಳಿಸಿಕೊಂಡದ್ದನ್ನು ಬರೆಯಲು.